ಟೈರು ಹುಟ್ಟಿದ ಊರು

ನನ್ನ ಕೈ ಹಳೆಯದಾಗಿದೆ ಎಂದವನನ್ನು ನಾನು ಇನ್ನೂ ಕ್ಷಮಿಸಿಲ್ಲ. ಕ್ಷಮಿಸುವ ಪ್ರಯತ್ನವನ್ನೂ ಮಾಡಿಲ್ಲ. ವಯಸ್ಸಾದಂತೆ ಸಿಟ್ಟು ಇಳಿಯುತ್ತದೆ ಎಂದು ನನ್ನ ಓರಗೆಯವರು ಬೆಳಗಿನ ವಾಕಿಂಗಿನಲ್ಲಿ ಹೇಳುತ್ತಿರುತ್ತಾರೆ. ಅವರದು ಇಳಿದಿರಬಹುದು. ನನ್ನ ಸಿಟ್ಟು ನನ್ನ ಹಾಗೆಯೇ ಹೊತ್ತಿಗೆ ಸರಿಯಾಗಿ ಎದ್ದು ಕೆಲಸಕ್ಕೆ ಹೋಗುತ್ತದೆ.

ನಾನು ಬೆಳೆದದ್ದು ಮಠದ ಬೋರ್ಡಿಂಗಿನಲ್ಲಿ. ನಾಲ್ಕೂವರೆಗೆ ಗಂಟೆ, ಐದಕ್ಕೆ ತಣ್ಣೀರು, ಐದೂವರೆಗೆ ವಿಭೂತಿ ಹಚ್ಚಿಕೊಂಡು ಸಾಲಿನಲ್ಲಿ ನಿಂತಿರಬೇಕು. ತಡವಾದವನಿಗೆ ಆ ಹೊತ್ತಿನ ರೊಟ್ಟಿ ಇಲ್ಲ. ಮುಂದೆ ಕಲಬುರಗಿಯ ಒಂದು ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಡ್ರಿಲ್ ಮಾಸ್ತರನಾಗಿ ಅದನ್ನೇ ಮಕ್ಕಳಿಗೆ ಕಲಿಸಿದೆ. ನಿವೃತ್ತನಾಗಿ ಹನ್ನೊಂದು ವರ್ಷವಾಯಿತು. ಸೀಟಿ ಈಗಲೂ ಬ್ರಹ್ಮಪುರದ ನಮ್ಮ ಮನೆಯಲ್ಲಿ ಬಾಗಿಲ ಹಿಂದಿನ ಮೊಳೆಗೆ ತೂಗುತ್ತಿದೆ.

ಸೋಮವಾರದ ವೇಳಾಪಟ್ಟಿ ಮಾತ್ರ ಬೇರೆ. ಹೆಂಡತಿಯ ತವರು ಕಮಲಾಪುರ. ಅಲ್ಲಿ ಅವಳ ಅಣ್ಣನ ಕೆಂಪು ಬಾಳೆಯ ತೋಟವಿದೆ, ಈಶ್ವರನ ಗುಡಿ ಇದೆ, ಮಾತಾಡಲು ಅತ್ತಿಗೆ ಇದ್ದಾಳೆ. ಏಳಕ್ಕೆ ನಮ್ಮ ಬೈಕು ಮನೆ ಬಿಡುತ್ತಿತ್ತು. ಎಂಟಕ್ಕೆ ಗುಡಿ, ಹತ್ತಕ್ಕೆ ಬಾಳೆಯ ಒಂದು ಚಿಪ್ಪು ಹಿಡಿದು ವಾಪಸ್, ಹನ್ನೊಂದಕ್ಕೆ ಮನೆ. ಇಷ್ಟು ವರ್ಷಗಳಲ್ಲಿ ಮೂರು ಬೈಕು ಬದಲಾದವು, ಈ ಪಟ್ಟಿ ಬದಲಾಗಲಿಲ್ಲ. ಮನೆಯಲ್ಲಿ ನನ್ನ ಹೆಂಡತಿ ಹೆಚ್ಚು ಮಾತಾಡುವವಳಲ್ಲ. ಬೈಕಿನ ಮೇಲೆ ಹಿಂದೆ ಕೂತರೆ ಮಾತ್ರ ವಾರದ ಮಾತೆಲ್ಲ ನನ್ನ ಬೆನ್ನಿಗೆ ಹೇಳುತ್ತಾಳೆ. ಗಾಳಿಯಲ್ಲಿ ಅರ್ಧ ಕೇಳಿಸುತ್ತದೆ, ಅರ್ಧ ಇಲ್ಲ. ಆದರೂ ಆ ಎರಡು ತಾಸು ನಮ್ಮಿಬ್ಬರದು. ನಾನು ಕಳೆದುಕೊಂಡದ್ದು ಏನು ಎಂದು ಓದುವವರಿಗೆ ತಿಳಿದಿರಲಿ ಎಂದು ಇದನ್ನು ಬರೆದೆ.

ಆ ವರ್ಷ ಯುಗಾದಿಗೆ ಸ್ವಲ್ಪ ಮೊದಲು ಹಿಂದಿನ ಗಾಲಿಯ ಟೈರು ಸವೆದಿತ್ತು. ಸೇಡಂ ರಸ್ತೆಯಲ್ಲಿನ ಒಂದು ದೊಡ್ಡ ಟೈರಿನ ಅಂಗಡಿಗೆ ಹೋದೆ. ಅಂಗಡಿಯವನು ನಲವತ್ತರ ಆಸುಪಾಸಿನವನು, ಬಿಳಿ ಅಂಗಿ, ಬಂದವರೆಲ್ಲರನ್ನೂ ಸರ ಎನ್ನುತ್ತಾನೆ. ಕಪ್ಪಗೆ ಹೊಳೆಯುವ ಒಂದು ಟೈರನ್ನು ಇಳಿಸಿ ಬೆರಳಿನಿಂದ ಬಾರಿಸಿ ತೋರಿಸಿದ. ಎಲ್ಲಿ ತಯಾರಾದದ್ದು ಎಂದು ಕೇಳಿದೆ. ಯಾವ ಸಾಮಾನು ಕೊಂಡರೂ ಅದನ್ನು ಕೇಳುವುದು ನನ್ನ ಪದ್ಧತಿ. ಕಂಪನಿಯ ಹೊಸ ಫ್ಯಾಕ್ಟರಿಯ ಮಾಲು, ಚೆನ್ನೈ ಕಡೆಯದು, ಹೋದ ತಿಂಗಳಷ್ಟೇ ಅಚ್ಚಿನಿಂದ ಹೊರಬಿದ್ದಿದೆ, ಮುಟ್ಟಿ ನೋಡ್ರಿ ಇನ್ನೂ ಬಿಸಿ ಇರಬೇಕು ಎಂದು ನಕ್ಕ. ನಾನೂ ನಕ್ಕೆ. ಆ ನಗೆಗೆ ಈಗಲೂ ನಾಚಿಕೆಯಾಗುತ್ತದೆ.

ಟೈರು ಹಾಕಿದ ಮೇಲೆ ಅವನೇ ಒಂದು ಬಟ್ಟಲು ಹಿಡಿದು ಬಂದ. ಎಣ್ಣೆಯಲ್ಲಿ ಕಲಸಿದ ಅರಿಷಿಣ. ಟೈರಿನ ಮಗ್ಗುಲಿಗೆ ಎರಡು ಬೆರಳಿನಿಂದ ದಪ್ಪಗೆ ಬಳಿದು, ನಡುವೆ ಕುಂಕುಮವಿಟ್ಟು, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು, ಮುಂದೆ ತಗೋರಿ ಸರ ಎಂದ. ನಮ್ಮ ಕಡೆ ಹೊಸದು ಏನೇ ಬಂದರೂ ಹೀಗೆ ಮಾಡುತ್ತೇವೆ. ಹಚ್ಚಿದ್ದನ್ನು ಯಾರೂ ಒರೆಸುವುದಿಲ್ಲ. ಬಿಸಿಲಿಗೆ, ಧೂಳಿಗೆ ತಾನಾಗಿಯೇ ಹೋಗಬೇಕು. ನಾನು ಪ್ರತಿ ಭಾನುವಾರ ಎಂಟಕ್ಕೆ ಬೈಕು ತೊಳೆಯುವವನು. ಮುಂದಿನ ಒಂದೊಂದು ಭಾನುವಾರವೂ ಆ ಹಳದಿ ಬೊಟ್ಟಿನ ಸುತ್ತ ಹುಷಾರಾಗಿ ಬಟ್ಟೆ ಆಡಿಸಿದೆ, ಅದನ್ನು ಮಾತ್ರ ಮುಟ್ಟಲಿಲ್ಲ.

ನಾವು ಬೈಕಿನಿಂದ ಬಿದ್ದದ್ದು ಮೇ ತಿಂಗಳ ಒಂದು ಸೋಮವಾರ. ಅತ್ತಿಗೆ ಮಾತು ಮುಗಿಸಲಿಲ್ಲ. ಕಮಲಾಪುರ ಬಿಡುವಾಗ ಹತ್ತು ಗಂಟೆ ಹನ್ನೆರಡು ನಿಮಿಷ. ಡಾಂಬರು ಆಗಲೇ ಕಾದಿತ್ತು. ನಾಲ್ಕೈದು ಕಿಲೋಮೀಟರು ಬಂದಿರಬೇಕು, ಹೆಂಡತಿ ನನ್ನ ಬೆನ್ನು ಬಡಿದಳು.

“ರೀ, ಹಿಂದ ಏನೋ ಕುಣಿಯಾಕತ್ತದ. ನಿಂದ್ರಸ್ರಿ.”

ನಾನು ಕೈಗಡಿಯಾರ ನೋಡಿದೆ. ಮುಂದಿನ ಕ್ರಾಸಿಗೆ ನಿಲ್ಲಿಸಿ ನೋಡೋಣ ಎಂದೆ. ಕ್ರಾಸ್ ಬರುವ ಮೊದಲೇ ಹಿಂದಿನ ಟೈರು ಸಿಡಿಯಿತು. ಬೈಕು ಎಡಕ್ಕೆ ಎಳೆಯಿತು, ಇಬ್ಬರೂ ರಸ್ತೆಯ ಅಂಚಿನ ಮುರುಮು ಮಣ್ಣಿನ ಮೇಲೆ ಬಿದ್ದೆವು. ಹೆಲ್ಮೆಟ್ ಇದ್ದದ್ದರಿಂದ ಇಬ್ಬರ ತಲೆಯೂ ಉಳಿಯಿತು. ನನ್ನ ಮೊಣಕೈ ತರಚಿತು. ಅವಳ ಎಡ ಮುಂಗೈ ಎರಡು ಕಡೆ ಮುರಿಯಿತು. ಅವಳು ಅಳಲಿಲ್ಲ. ರಸ್ತೆ ತುಂಬ ಉರುಳಿದ ಕೆಂಪು ಬಾಳೆಹಣ್ಣುಗಳ ಮೇಲೆ ಒಂದು ಲಾರಿ ಹಾದುಹೋದದ್ದನ್ನು ಕೂತು ನೋಡಿದಳು.

ಅವಳ ಅಣ್ಣ ಬಂದು ಅವಳನ್ನು ಆಸ್ಪತ್ರೆಗೆ ಕರೆತಂದ. ಬೈಕನ್ನು ಟೆಂಪೋದಲ್ಲಿ ಕಮಲಾಪುರಕ್ಕೆ ಒಯ್ದು, ಬಸ್ ಸ್ಟ್ಯಾಂಡಿನ ಎದುರು ಪಂಕ್ಚರ್ ತೆಗೆಯುವ ಚಾಚಾನ ಹತ್ತಿರ ಬೇರೆ ಟೈರು ಹಾಕಿಸಿ ನಮ್ಮ ಮನೆಗೆ ಮುಟ್ಟಿಸಿದ.

ಮೂರನೆಯ ದಿನ ನಾನು ಸೇಡಂ ರಸ್ತೆಗೆ ಹೋದೆ. ಎರಡು ತಿಂಗಳ ಟೈರು ಹೀಗೆ ಹೇಗೆ ಸಿಡಿಯಿತು ಎಂದು ಕೇಳಿದೆ. ಜೋರು ಮಾಡಲಿಲ್ಲ. ಅಂಗಡಿಯಲ್ಲಿ ಐದಾರು ಗಿರಾಕಿಗಳಿದ್ದರು. ಅವನು ನನ್ನ ಮೊಣಕೈಗೆ ಕಟ್ಟಿದ ಪಟ್ಟಿ ನೋಡಿದ, ಆಮೇಲೆ ಅವರ ಕಡೆ ನೋಡಿದ.

“ಸರ, ಟೈರ್ ಹೊಸಾದದ. ಹಳೇದಾಗಿದ್ದು ನಿಮ್ಮ ಕೈ. ಈ ವಯಸ್ಸಿನ್ಯಾಗ ಅಮ್ಮೋರನ್ನ ಹಿಂದ ಕೂಡಿಸ್ಕೊಂಡು ಸರ್ಕಸ್ ಬ್ಯಾಡ್ರಿ. ಆಟೋದಾಗ ಅಡ್ಡಾಡ್ರಿ.”

ಅವರೆಲ್ಲ ನಕ್ಕರು. ಮೂವತ್ತೊಂದು ವರ್ಷ ನನ್ನ ಮುಂದೆ ಸಾಲಿನಲ್ಲಿ ನಿಂತವರು ಯಾರೂ ನಕ್ಕಿರಲಿಲ್ಲ. ನಕ್ಕವರಲ್ಲಿ ನಮ್ಮ ಓಣಿಯವನೊಬ್ಬನಿದ್ದ. ನಾನು ಮನೆ ಮುಟ್ಟುವ ಮೊದಲೇ ಆ ಮಾತು ಓಣಿ ಮುಟ್ಟಿತ್ತು.

ಸಂಜೆ ಹೆಂಡತಿ ನನ್ನ ಮುಂದೆ ಬಲಗೈ ಚಾಚಿ ಬೈಕಿನ ಚಾವಿ ಕೇಳಿದಳು. ಕೊಟ್ಟೆ. ಅಡಿಗೆಮನೆಯಲ್ಲಿ ಜೋಳದ ಡಬ್ಬಿಯ ಮುಚ್ಚಳ ತೆಗೆದ ಸಪ್ಪಳ, ಮುಚ್ಚಿದ ಸಪ್ಪಳ. ಹೊರಗೆ ಬಂದು, ಕಮಲಾಪುರಕ್ಕೆ ಬಸ್ ಇದ್ದಾವ ಎಂದಳು. ಅಷ್ಟೇ. ನನ್ನ ಕೈ ಹಳೆಯದಾಯಿತೆಂಬ ಮಾತನ್ನು ಅವಳೂ ನಂಬಿದಳು ಎಂದುಕೊಂಡೆ. ಪರರ ನಗೆಗಿಂತ ಆ ಮುಚ್ಚಳದ ಸಪ್ಪಳ ನನ್ನನ್ನು ಹೆಚ್ಚು ಕಾಡಿತು. ಅವನ ಟೈರು ಹಳೆಯದೆಂದು ಊರ ಮುಂದೆ ತೋರಿಸುತ್ತೇನೆ, ಆ ಮಾತನ್ನು ಅವನ ಬಾಯಿಂದಲೇ ಹೇಳಿಸುತ್ತೇನೆ, ಆಮೇಲೆ ಚಾವಿ ಕೇಳುತ್ತೇನೆ ಎಂದು ಅವತ್ತೇ ನಿಶ್ಚಯ ಮಾಡಿದೆ.

ಮುಂದಿನ ಸೋಮವಾರ ಒಬ್ಬನೇ ಬಸ್ಸಿನಲ್ಲಿ ಕಮಲಾಪುರಕ್ಕೆ ಹೋದೆ. ಚಾಚಾ ನನ್ನ ವಯಸ್ಸಿನವರೇ, ಆದರೆ ಊರಿಗೆಲ್ಲ ಚಾಚಾ. ಸಿಡಿದ ಟೈರನ್ನು ಎಸೆದಿರಲಿಲ್ಲ, ಅಂಗಡಿಯ ಹಿಂದೆ ತೂಗುಹಾಕಿದ್ದರು. ಹೀಗೆ ಬಿದ್ದವರು ಒಂದು ದಿನ ಕೇಳಿಕೊಂಡು ಬಂದೇ ಬರುತ್ತಾರೆ ಎಂದರು. ಟೈರನ್ನು ಮಡಚಿ ಒಳಗಿನ ಸಣ್ಣ ಬಿರುಕುಗಳನ್ನು ತೋರಿಸಿದರು. ಕೆರೆಯ ಒಣ ಮಣ್ಣಿನ ಹಾಗಿತ್ತು. ಹೊಸ ರಬ್ಬರು ಹೀಗೆ ಒಣಗುವುದಿಲ್ಲ, ಇದು ಎಲ್ಲೋ ಗೋದಾಮಿನಲ್ಲಿ ವರ್ಷಗಟ್ಟಲೆ ಬಿದ್ದ ಮಾಲು, ಮೇಲೆ ಕಪ್ಪು ಪಾಲಿಶ್ ಹೊಡೆದಿದ್ದಾರೆ ಎಂದರು. ನನಗೆ ಬೇಕಾದದ್ದು ಪುರಾವೆ. ಟೈರಿನ ಮಗ್ಗುಲಿಗೆ ಅಕ್ಷರಗಳ ಒಂದು ಸಾಲು ಇರುತ್ತದೆ, ಅದರ ಕೊನೆಯ ನಾಲ್ಕು ಅಂಕಿ ಹುಟ್ಟಿದ ವಾರ ಮತ್ತು ವರ್ಷ ಎಂದು ಚಾಚಾ ಹೇಳಿದರು. ತಿರುಗಿಸಿ ನೋಡಿದೆವು. ಸಾಲು ಸಿಕ್ಕಿತು. ಅದರ ಕೊನೆ ಅರಿಷಿಣದ ಕೆಳಗೆ ಹೋಗಿತ್ತು.

ಚಾಚಾ ಸೀಮೆಎಣ್ಣೆಯ ಬಟ್ಟೆ ಕೈಗೆತ್ತಿಕೊಂಡು ತಡೆದರು.

“ಮಾಸ್ತರ್ ಸಾಬ್, ಇದು ನಿಮ್ಮ ಪೂಜಾದ್ದು. ಒರಸ್ಲೇನು?”

ಟೈರು ಸಿಡಿದು ಹೆಂಡತಿಯ ಕೈ ಮುರಿದಿತ್ತು. ಆದರೂ ಒರೆಸಿರಿ ಎನ್ನಲು ನನ್ನ ಬಾಯಿ ಬರಲಿಲ್ಲ. ಆಮೇಲೆ ಬಟ್ಟೆ ಇಸಿದುಕೊಂಡು ನಾನೇ ಒರೆಸಿದೆ. ಕೆಳಗೆ ರಬ್ಬರು ಮಂಕಾಗಿ, ಒರಟಾಗಿತ್ತು. ಉಪ್ಪುಕಾಗದದಿಂದ ತಿಕ್ಕಿದ ಗೀರುಗಳು. ನಾಲ್ಕು ಅಂಕಿಗಳೂ ಇರಲಿಲ್ಲ. ನಾನು ಹತ್ತು ಭಾನುವಾರ ಕಾಪಾಡಿಕೊಂಡು ಬಂದದ್ದು ಒಬ್ಬ ಕಳ್ಳನ ಬೆರಳ ಗುರುತನ್ನು.

ಚಾಚಾ ಕನ್ನಡಕ ಏರಿಸಿ ಮತ್ತೆ ನೋಡಿದರು.

“ಹುಟ್ಟಿದ ತಾರೀಖು ತಿಕ್ಕ್ಯಾನ, ಹುಟ್ಟಿದ ಊರು ಬಿಟ್ಟಾನ,” ಎಂದರು. “ಈ ಮೊದಲಿನ ಎರಡು ಅಕ್ಷರ ಅದಾವಲ್ಲ, ಅವು ಫ್ಯಾಕ್ಟರಿದು. ಅಂವಗ ಅದು ಗೊತ್ತಿಲ್ಲ.”

ಯಾವ ಊರಿನ ಫ್ಯಾಕ್ಟರಿ ಎಂಬುದು ಚಾಚಾನಿಗೂ ಗೊತ್ತಿರಲಿಲ್ಲ, ಕಂಪನಿಯವರೇ ಹೇಳಬೇಕು ಎಂದರು. ಆದರೆ ಚೆನ್ನೈ ಕಡೆಯದು ಎಂದು ಅವನು ತನ್ನ ಬಾಯಿಂದ ಹೇಳಿದ್ದ. ಊರು ಸುಳ್ಳಾದರೆ ತಿಂಗಳೂ ಸುಳ್ಳು. ಟೈರನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕೂತಾಗ ಕಂಡಕ್ಟರ್, “ಏನ್ರಿ ಯಜಮಾನ್ರ, ನಮ್ಮ ಬಸ್ಸಿನ ಮ್ಯಾಲ ಭರೋಸಾ ಇಲ್ಲೇನು, ಸ್ಟೆಪ್ನಿ ಹಿಡಕೊಂಡು ಹತ್ತೀರಿ?” ಎಂದ. ಬಹಳ ದಿನಗಳ ಮೇಲೆ ನಗು ಬಂತು.

ಮರುದಿನದಿಂದ ಮಧ್ಯಾಹ್ನ ಮೂರರಿಂದ ಮೂರೂವರೆ ಟೈರಿನ ಕೆಲಸಕ್ಕೆ ಎಂದು ಗೊತ್ತುಮಾಡಿದೆ. ಮೊದಲು ಕಂಪನಿಯ ಫೋನು. ಒಂದು ಒತ್ತಿ, ಎರಡು ಒತ್ತಿ, ಹಾಡು ಕೇಳಿ. ಕೊನೆಗೆ ಒಬ್ಬಳು ಹಿಂದಿಯಲ್ಲಿ ರಸೀದಿಯ ನಂಬರು ಕೇಳಿದಳು. ಅವನು ರಸೀದಿ ಕೊಟ್ಟಿರಲಿಲ್ಲ, ನಿಂಬೆಹಣ್ಣು ಕೊಟ್ಟಿದ್ದ. ಫೋನು ಕಟ್ಟಾಯಿತು. ನೆಹರು ಗಂಜಿನ ಕಡೆ ಲಾರಿ ಟೈರು ಮಾರುವವರ ಹತ್ತಿರ ಹೋದೆ. ಕಾಗದದಲ್ಲಿ ಬರೆದುಕೊಂಡು ಹೋದ ಅಕ್ಷರಗಳನ್ನು ಆಸಕ್ತಿಯಿಂದ ನೋಡಿದರು. ಯಾವ ಅಂಗಡಿಯದು ಎಂದು ಹೇಳಿದ ಕೂಡಲೇ ಕಾಗದ ಮಡಚಿ ನನ್ನ ಕೈಗೆ ಕೊಟ್ಟು ಚಹಾ ತರಿಸಿದರು. ಮೂರು ಅಂಗಡಿಯಲ್ಲಿ ಮೂರು ಕಪ್ ಚಹಾ ಕುಡಿದು ಬಂದೆ.

ಉಳಿದದ್ದು ಪತ್ರ. ಹುಡುಗರು ನಾಣ್ಯದ ಮೇಲೆ ಕಾಗದ ಇಟ್ಟು ಪೆನ್ಸಿಲ್ ತಿಕ್ಕಿ ಅಚ್ಚು ತೆಗೆಯುತ್ತಾರಲ್ಲ, ಹಾಗೆ ಟೈರಿನ ಸಾಲಿನ ಮೇಲೆ ತೆಳು ಕಾಗದ ಇಟ್ಟು ತಿಕ್ಕಿದೆ. ಆ ಎರಡು ಅಕ್ಷರ ಸ್ಪಷ್ಟವಾಗಿ ಎದ್ದವು. ಅದನ್ನು ಲಗತ್ತಿಸಿ, ಈ ಟೈರು ನಿಮ್ಮ ಯಾವ ಊರಿನ ಕಾರ್ಖಾನೆಯಲ್ಲಿ ತಯಾರಾಯಿತು ಎಂಬ ಒಂದೇ ಪ್ರಶ್ನೆ ಬರೆದು ಕಂಪನಿಯ ದೊಡ್ಡ ಆಫೀಸಿಗೆ ರಿಜಿಸ್ಟರ್ ಮಾಡಿದೆ. ಮೂವತ್ತು ದಿನ ಕಾದೆ. ಮೂವತ್ತೊಂದನೆಯ ದಿನ ಅದೇ ಪತ್ರ, ಅದೇ ಅಚ್ಚು. ಮತ್ತೆ ಮೂವತ್ತು ದಿನ. ಹೆಂಡತಿಯ ಕೈಗೆ ಹಾಕಿದ ಪ್ಲಾಸ್ಟರ್ ತೆಗೆದರು, ಬೆರಳು ಪೂರ್ತಿ ಮಡಚುತ್ತಿರಲಿಲ್ಲ. ಅವಳು ರೊಟ್ಟಿ ಬಡಿಯಲು ಕೂತು ಎದ್ದಾಗಲೆಲ್ಲ ನನ್ನ ಮನಸ್ಸು ಸೇಡಂ ರಸ್ತೆಗೆ ಹೋಗಿ ಬರುತ್ತಿತ್ತು. ಅಂಗಡಿಯವನ ಮುಖಕ್ಕೆ ಏನು ಹೇಳಬೇಕು, ಯಾವ ಸ್ವರದಲ್ಲಿ ಹೇಳಬೇಕು ಎಂದು ತಣ್ಣೀರು ಸುರಿದುಕೊಳ್ಳುವಾಗ ದಿನವೂ ತಾಲೀಮು ಮಾಡುತ್ತಿದ್ದೆ.

ಮೂರನೆಯ ಪತ್ರಕ್ಕೆ ಉತ್ತರ ಬಂತು. ಗಣಪತಿ ಹಬ್ಬ ಆಗಷ್ಟೇ ಮುಗಿದಿತ್ತು. ಇಂಗ್ಲಿಷಿನಲ್ಲಿ ನಾಲ್ಕೇ ಸಾಲು. ಆ ಅಕ್ಷರಗಳ ಕಾರ್ಖಾನೆ ಚೆನ್ನೈ ಕಡೆಯದಲ್ಲ. ಸೊಲ್ಲಾಪುರದ ಆಚೆ, ಕಲಬುರಗಿಯಿಂದ ಒಂದೇ ರೈಲಿನಲ್ಲಿ ಮುಟ್ಟಬಹುದಾದ ಊರು. ಊರ ಹೆಸರು ಬರೆಯುವುದಿಲ್ಲ. ಅಲ್ಲಿ ಕೆಲಸ ಮಾಡಿದವರು ಟೈರನ್ನು ಸರಿಯಾಗಿಯೇ ಮಾಡಿದ್ದರು, ತಪ್ಪು ಅವರದಲ್ಲ. ನನಗೆ ಬೇಕಾದದ್ದು ಮೂರನೆಯ ಸಾಲಿನಲ್ಲಿತ್ತು. ಆ ಕಾರ್ಖಾನೆ ಬೈಕಿನ ಟೈರು ಮಾಡುವುದನ್ನು ನಿಲ್ಲಿಸಿ ವರ್ಷಗಳಾಗಿದ್ದವು. ನಿಲ್ಲಿಸಿದ ಇಸವಿ ನೋಡಿದೆ. ನಾನು ಈಗಿನ ಬೈಕು ಕೊಂಡದ್ದು ಅದರ ಮರುವರ್ಷ. ನನ್ನ ಬೈಕಿಗಿಂತ ಅದರ ಹೊಸ ಟೈರು ಹಿರಿಯದು.

ಪತ್ರವನ್ನು ಸೀಟಿಯ ಮೊಳೆಗೆ ಸಿಕ್ಕಿಸಿದೆ. ಹೆಂಡತಿಗೆ ಓದಿ ಹೇಳಿದೆ. ಮುಂದೇನು ಎಂದು ಕೇಳಿದಳು. ಆಯುಧ ಪೂಜೆಯ ಹಿಂದಿನ ದಿನದ ತನಕ ಕಾಯುತ್ತೇನೆ, ಅವತ್ತು ಅಂಗಡಿ ತುಂಬ ಜನ ಇರುತ್ತಾರೆ ಎಂದೆ. ಅವಳು ತಾನೂ ಬರುತ್ತೇನೆ ಎಂದಳು.

ಆ ದಿನ ಬೆಳಿಗ್ಗೆ ಹತ್ತಕ್ಕೆ ಆಟೋದಲ್ಲಿ ಹೋದೆವು. ಅಂಗಡಿಗೆ ಚೆಂಡು ಹೂವಿನ ಮಾಲೆ ಕಟ್ಟಿದ್ದರು. ರಸ್ತೆಯವರೆಗೂ ಬೈಕುಗಳು ನಿಂತಿದ್ದವು. ಅವನು ಬಟ್ಟಲು ಹಿಡಿದು ಒಂದೊಂದು ಹೊಸ ಟೈರಿಗೆ ಅರಿಷಿಣ ಬಳಿಯುತ್ತಿದ್ದ. ನನ್ನ ಸರದಿ ಬರುವ ತನಕ ನಿಂತೆ. ಅವನು ತಲೆ ಎತ್ತಿ ಆಟೋ ನೋಡಿದ.

“ಬರ್ರಿ ಸರ. ನನ್ನ ಮಾತು ಕೇಳಿದ್ರಿ, ಆಟೋದಾಗ ಬಂದ್ರಿ. ಚಲೋ ಮಾಡಿದ್ರಿ.”

ಸಿಡಿದ ಟೈರನ್ನು ಅವನ ಕೌಂಟರಿನ ಮೇಲೆ ಇಟ್ಟೆ. ಇದು ಎಲ್ಲಿ ತಯಾರಾದದ್ದು ಎಂದು ಮೈದಾನದ ಸ್ವರದಲ್ಲಿ ಕೇಳಿದೆ. ಜನ ತಿರುಗಿದರು. ಚೆನ್ನೈ ಎಂದ. ತನ್ನ ಮಾಲೆಲ್ಲ ಅಲ್ಲಿಯದೇ, ಹೊಸ ಫ್ಯಾಕ್ಟರಿಯದು ಎಂದ. ನಾನು ಕಂಪನಿಯ ಪತ್ರ ತೆಗೆದು ಇಂಗ್ಲಿಷಿನಲ್ಲಿ ಒಮ್ಮೆ ಓದಿದೆ, ಕನ್ನಡದಲ್ಲಿ ಒಮ್ಮೆ ಹೇಳಿದೆ. ತಿಕ್ಕಿದ ಜಾಗ ತೋರಿಸಿದೆ. ಆಮೇಲೆ, ನಿಮ್ಮ ನಿಮ್ಮ ಗಾಡಿಗೆ ಅರಿಷಿಣ ಎಲ್ಲಿ ಹಚ್ಚಿದ್ದಾನೆ ನೋಡಿಕೊಳ್ಳಿರಿ ಎಂದೆ. ಹೊಸ ಟೈರಿನ ಆರು ಗಾಡಿಗಳಿದ್ದವು. ಆರಕ್ಕೂ ಅಕ್ಷರಗಳ ಸಾಲಿನ ಕೊನೆಗೇ ಬೊಟ್ಟು. ನಾನು ಮಕ್ಕಳನ್ನು ಅಷ್ಟು ಸರಿಯಾಗಿ ಸಾಲಿನಲ್ಲಿ ನಿಲ್ಲಿಸಿದ್ದಿಲ್ಲ.

ಯಾರೂ ಒರೆಸಲಿಲ್ಲ. ಆಗಷ್ಟೇ ಹಚ್ಚಿದ ಅರಿಷಿಣ, ಹಬ್ಬದ ಹಿಂದಿನ ದಿನ. ಯಾರ ಕೈ ಬರುತ್ತದೆ? ಅವನಿಗೂ ಅದು ಗೊತ್ತಿತ್ತು. ಪೂಜಾಕ್ಕ ಕೈ ಹಚ್ಚತೀರೇನು ಎಂದು ಜನರನ್ನು ಕೇಳಿದ. ಆಗ ನನ್ನ ಹೆಂಡತಿ ಮುಂದೆ ಬಂದಳು. ಹತ್ತಿರ ನಿಂತಿದ್ದ ಬೈಕು ಒಬ್ಬ ಹಾಲಿನವನದು, ಎರಡೂ ಬದಿಗೆ ಕ್ಯಾನು ಕಟ್ಟಿತ್ತು. ಅವಳು ಕುಕ್ಕರಗಾಲಿನಲ್ಲಿ ಕೂತು ಸೆರಗಿನ ತುದಿ ಹಿಡಿದಳು. ಬಲಗೈ ನೆಟ್ಟಗೇ ಇತ್ತು, ಆದರೂ ಬೆರಳು ಪೂರ್ತಿ ಮಡಚದ ಎಡಗೈಯನ್ನೇ ಚಾಚಿದಳು.

“ಒರಸಿದ ಪಾಪ ನನಗ ಇರಲಿ,” ಎಂದು ಒರೆಸಿದಳು.

ಕೆಳಗೆ ಮಂಕು ರಬ್ಬರು, ಗೀರುಗಳು. ಹಾಲಿನವನು ಬಗ್ಗಿ ನೋಡಿ, “ಇದರ ಮ್ಯಾಲ ನಾನು ದಿನಾ ಹೈವೇದಾಗ ಹೋಗಾಂವ, ಯಪ್ಪಾ,” ಎಂದು ಅಂಗಡಿಯವನ ಕಡೆ ತಿರುಗಿದ. ಉಳಿದವರೂ ಒರೆಸಿದರು. ಆರರಲ್ಲಿ ನಾಲ್ಕು ಟೈರಿನ ಅಂಕಿ ತಿಕ್ಕಿ ತೆಗೆದಿತ್ತು.

ಅವನ ಬಿಳಿ ಅಂಗಿಯ ಕಂಕುಳು ಒದ್ದೆಯಾಗಿತ್ತು. ಒಳಗೆ ಬರ್ರಿ ಸರ, ಕೂತು ಮಾತಾಡೋಣ, ಎರಡೂ ಗಾಲಿಗೆ ಹೊಸ ಟೈರು ಹಾಕಿಕೊಡುತ್ತೇನೆ ಎಂದು ನನ್ನ ಮೊಣಕೈ ಹಿಡಿಯಲು ಬಂದ. ನನಗೆ ಟೈರು ಬೇಡ, ಒಂದು ಮಾತು ಬೇಕು ಎಂದೆ.

“ಅವತ್ತು ಐದಾರು ಮಂದಿ ಮುಂದ ಹಳೇದು ಯಾವುದಂತ ಹೇಳಿದ್ದಿ. ಇವತ್ತೂ ಹೇಳು.”

ಏನೋ ಗೊಣಗಿದ. ಕೇಳಿಸಲಿಲ್ಲ ಎಂದೆ. ಇನ್ನೊಮ್ಮೆ ಹೇಳಿದ. ಕೇಳಿಸಲಿಲ್ಲ ಎಂದೆ. ಮೂರನೆಯ ಸಲ ರಸ್ತೆಯ ಆಚೆಯ ಆಟೋದವರಿಗೂ ಕೇಳಿಸಿತು.

“ಟೈರ್ ಹಳೇದಿತ್ತು. ಸರ್ ಅವರ ಕೈ ಹಳೇದಲ್ಲ.”

ಆಗ ನನಗಾದ ಸುಖವನ್ನು ಮುಚ್ಚಿಡುವುದಿಲ್ಲ. ಬೇಸಿಗೆಯಲ್ಲಿ ಬೋರ್ಡಿಂಗಿನ ಬಾವಿಯ ನೀರು ತಲೆಯ ಮೇಲೆ ಬಿದ್ದ ಹಾಗಾಯಿತು. ಹಾಲಿನವನಿಗೆ ಪತ್ರದ ಒಂದು ಪ್ರತಿ ಕೊಟ್ಟೆ. ಅವನು ಆಮೇಲೆ ಗ್ರಾಹಕರ ಕೋರ್ಟಿಗೆ ಹೋದ. ನಾವು ಆಟೋ ಹತ್ತಿದಾಗ ಹಿಂದೆ ಅಂಗಡಿಯಲ್ಲಿ ಗದ್ದಲ ಏರುತ್ತಿತ್ತು. ನಡೆದದ್ದನ್ನೆಲ್ಲ ಅವಳು ಅಲ್ಲಿರಲೇ ಇಲ್ಲವೇನೋ ಎಂಬಂತೆ ಆಟೋದಲ್ಲಿ ಅವಳಿಗೆ ಮತ್ತೆ ಹೇಳಿದೆ. ಅವಳು ಸೆರಗಿನ ಹಳದಿ ಕಲೆ ತಿಕ್ಕುತ್ತ ಕೂತಿದ್ದಳು.

ಮನೆಗೆ ಬಂದು ಚಾವಿ ಕೇಳಿದೆ. ಅವಳು ಜೋಳದ ಡಬ್ಬಿಯನ್ನು ಎಳೆದು ತಂದು ನಡುಮನೆಯಲ್ಲಿ ಇಟ್ಟು, ಅದರ ಮುಂದೆ ಕೂತಳು. ಮುಚ್ಚಳ ತೆಗೆಯಲಿಲ್ಲ.

“ಅಂವನ ಬಾಯಿಂದ ಮೂರು ಸಲ ಹ್ಞಾಂ ಅನಿಸಿದ್ರಿ. ಈಗ ನೀವು ಹೇಳ್ರಿ. ಹಿಂದ ಕುಣಿಯಾಕತ್ತದ, ನಿಂದ್ರಸ್ರಿ ಅಂತ ನಾ ಹೇಳಿದ್ನೋ ಇಲ್ಲೋ?”

ಅವಳು ನನ್ನ ಕೈಯ ಮಾತನ್ನು ಒಂದು ದಿನವೂ ನಂಬಿರಲಿಲ್ಲ. ಐದು ತಿಂಗಳು ಚಾವಿಯ ಜೊತೆ ಈ ಪ್ರಶ್ನೆಯನ್ನೂ ಜೋಳದಲ್ಲಿ ಹುಗಿದಿಟ್ಟಿದ್ದಳು. ಡಾಕ್ಟರಿಗೆ ಹೇಳಿರಲಿಲ್ಲ, ಅಣ್ಣನಿಗೆ ಹೇಳಿರಲಿಲ್ಲ, ಓಣಿಯಲ್ಲಿ ಯಾರಿಗೂ ಹೇಳಿರಲಿಲ್ಲ.

“ಹೇಳಿದ್ದಿ,” ಎಂದೆ.

“ನೀವೇನ್ ಮಾಡಿದ್ರಿ?”

“ಗಡಿಯಾರ ನೋಡಿದೆ.”

“ಕೇಳಸ್ಲಿಲ್ಲ.”

ಬಾಗಿಲು ತೆರೆದಿತ್ತು, ಓಣಿಯಲ್ಲಿ ಜನ ಓಡಾಡುತ್ತಿದ್ದರು. ಎದ್ದು ಹೋಗಿ ಮುಚ್ಚೋಣ ಎನಿಸಿತು. ಮುಚ್ಚಲಿಲ್ಲ. ಇನ್ನೆರಡು ಸಲ ಹೇಳಿದೆ, ಕೊನೆಯ ಸಲ ಮೈದಾನದ ಸ್ವರದಲ್ಲಿ. ಆಗ ಅವಳು ಮುಚ್ಚಳ ತೆಗೆದು, ಎಡಗೈಯನ್ನು ಮೊಣಕೈ ತನಕ ಜೋಳದಲ್ಲಿ ಇಳಿಸಿ, ಹುಡುಕಿ, ಚಾವಿ ಎತ್ತಿ ಕೊಟ್ಟಳು.

ಈಗ ಸೋಮವಾರ ಮತ್ತೆ ಏಳಕ್ಕೆ ಹೊರಡುತ್ತೇವೆ. ಸೇಡಂ ರಸ್ತೆ ಕಮಲಾಪುರದ ದಾರಿಯಲ್ಲ, ಆದರೂ ಮೊದಲು ಆ ಕಡೆ ಹೋಗುತ್ತೇವೆ. ಅವನು ಶಟರ್ ಎತ್ತುವ ಹೊತ್ತು ಅದು. ಗಿರಾಕಿ ಕಡಿಮೆ, ಅರಿಷಿಣದ ಬಟ್ಟಲು ಕಾಣುವುದಿಲ್ಲ. ಅಂಗಡಿಯ ಮುಂದೆ ನಾನು ವೇಗ ಇಳಿಸುತ್ತೇನೆ, ಹಾರ್ನ್ ಹೊಡೀರಿ ಎಂದು ಹಿಂದಿನಿಂದ ಅವಳು ಹೇಳುತ್ತಾಳೆ. ಹೊಡೆಯುತ್ತೇನೆ. ಅವನು ತಲೆ ಎತ್ತುವುದಿಲ್ಲ.

ವಾಪಸ್ ಬರುವಾಗ ಅವಳು ಬೆನ್ನು ಬಡಿದರೆ ಎಲ್ಲಿದ್ದರೂ ನಿಲ್ಲಿಸುತ್ತೇನೆ. ಇಳಿದು ಎರಡೂ ಗಾಲಿ ಒತ್ತಿ ನೋಡುತ್ತೇನೆ. ಹೆಚ್ಚಿನ ಸಲ ಏನೂ ಆಗಿರುವುದಿಲ್ಲ. ಅವಳು ಸೀಟಿನ ಮೇಲೆ ಹಾಗೇ ಕೂತು, ನನ್ನನ್ನಲ್ಲ, ಹೊಲದ ಕಡೆ ನೋಡುತ್ತಿರುತ್ತಾಳೆ. ಸುಮ್ಮನೆ ಬಡಿದಿರುತ್ತಾಳೆ. ನಾನು ಕೇಳುವುದಿಲ್ಲ. ನಾವು ಹನ್ನೊಂದಕ್ಕೆ ಮನೆ ಮುಟ್ಟಿ ಬಹಳ ದಿನವಾಯಿತು.